ಹುಬ್ಬಳ್ಳಿಲಿ ಸಮಾವೇಶ ಮಾಡಿದ್ವಿ, ಅರ್ಧ ದಿನ ಬೇವಿನ ಮರದ ಕೆಳಗೆ

ಹೋದ ತಿಂಗಳು ಒಂದು ಭಾನುವಾರ ನಾವು ನಾಲ್ಕು ಜನ ಸ್ನೇಹಿತರು ಸೇರ್ಕೊಂಡು ಹುಬ್ಬಳ್ಳಿಲಿ ಸೋಶಿಯಲ್ ಮೀಡಿಯಾ ಮಾರ್ಕೆಟಿಂಗ್ ಬಗ್ಗೆ ಒಂದು ದಿನದ ಸಮಾವೇಶ ಮಾಡಿದ್ವಿ. ಧಾರವಾಡ, ಗದಗ, ಹಾವೇರಿ, ಬಾಗಲಕೋಟೆ, ಬೆಳಗಾವಿ ಕಡೆ ಸಣ್ಣದಾಗಿ ವ್ಯಾಪಾರ ಮಾಡೋರಿಗೆ ಅಂತಾನೇ ಮಾಡಿದ್ದು, ಬೆಳಿಗ್ಗೆಯಿಂದ ಸಂಜೆವರೆಗೂ ಪೂರ್ತಿ ಕನ್ನಡದಲ್ಲಿ. 164 ಜನ ಬಂದಿದ್ರು. ಅದಾದ್ಮೇಲೆ ಸುಮಾರು ಜನ ಫೋನ್ ಮಾಡಿ ನಮ್ಮೂರಲ್ಲೂ ಮಾಡ್ಬೇಕು ಅಂತಿದೀವಿ, ಹೇಗೆ ಮಾಡಿದ್ರಿ, ಎಷ್ಟು ಖರ್ಚಾಯ್ತು ಅಂತ ಕೇಳ್ತಿದಾರೆ, ಅದಕ್ಕೆ ಎಲ್ಲಾನೂ ಒಂದೇ ಕಡೆ ಬರೆದಿಡ್ತೀನಿ, ಆಗಿದ್ದು ಆದ ಹಾಗೆ.

ಮೊದಲು ಯಾಕೆ ಮಾಡಿದ್ವಿ ಅನ್ನೋದು. ನಮ್ಮೂರು ದಾವಣಗೆರೆ, ಹುಬ್ಬಳ್ಳಿಗೆ ಬಂದು ಒಂಬತ್ತು ವರ್ಷ ಆಯ್ತು, ಇಲ್ಲಿನ ಅಂಗಡಿಗಳು, ಮನೆಯಿಂದಾನೇ ವ್ಯಾಪಾರ ಮಾಡೋ ಹೆಣ್ಣುಮಕ್ಕಳು, ಇಂಥವರ ಪೇಜ್ ನೋಡ್ಕೊಳ್ಳೋದು ನನ್ನ ಕೆಲಸ. ಕಲಿಯೋಣ ಅಂತ ಬೆಂಗಳೂರಿಗೆ ಮೂರು ಸಲ ಇಂಥ ಕಾನ್ಫರೆನ್ಸಿಗೆ ಹೋಗಿದೀನಿ. ಹೇಳೋರು ಚೆನ್ನಾಗೇ ಹೇಳ್ತಿದ್ರು, ಸುಳ್ಳು ಹೇಳಲ್ಲ, ಆದ್ರೆ ಅಲ್ಲಿ ಎಲ್ಲಾ ಮಾತೂ ತಿಂಗಳಿಗೆ ಲಕ್ಷಗಟ್ಟಲೆ ಜಾಹೀರಾತಿಗೆ ಹಾಕೋ ಕಂಪನಿಗಳದ್ದು. ವಾಪಸ್ ಬಂದು ಸೋಮವಾರ ಬೆಳಿಗ್ಗೆ ಅಂಗಡಿಗೆ ಹೋಗಿ ನಿಂತ್ರೆ ಆ ನೋಟ್ಸಲ್ಲಿ ಒಂದೂ ಕೆಲಸಕ್ಕೆ ಬರ್ತಿರ್ಲಿಲ್ಲ. ಯಾಕಂದ್ರೆ ನಮ್ಮ ಕಡೆ ವ್ಯಾಪಾರ ನಡೆಯೋದೇ ವಾಟ್ಸಾಪಲ್ಲಿ, ಸ್ಟೇಟಸ್ ನೋಡಿ ಗಿರಾಕಿ ವಾಯ್ಸ್ ಕಳಿಸ್ತಾರೆ, ಇವರೂ ವಾಯ್ಸಲ್ಲೇ ರೇಟ್ ಹೇಳ್ತಾರೆ, ದುಡ್ಡು ಫೋನ್‌ಪೇ ಆಗತ್ತೆ, ಮಾಲು ಬಸ್ ಪಾರ್ಸೆಲಲ್ಲಿ ಹೋಗತ್ತೆ. ಇಷ್ಟು ದೊಡ್ಡ ವ್ಯಾಪಾರ ದಿನಾ ನಡೀತಿದೆ, ಇದರ ಬಗ್ಗೆ ಸ್ಟೇಜ್ ಮೇಲೆ ನಿಂತು ಯಾರೂ ಮಾತಾಡಿದ್ದು ನಾನು ಕೇಳಿಲ್ಲ. ಆ ಮಾತನ್ನ ಇಲ್ಲೇ ಆಡೋಣ ಅಂತ ಶುರು ಮಾಡಿದ್ದು.

ಹಾಗಂತ ಶುರು ಮಾಡಿದ್ರೂ ಮೊದಲು ನಾವು ಹಾಕಿದ ಪ್ಲ್ಯಾನ್ ಬೆಂಗಳೂರಿಂದೇ ಕಾಪಿ. ರೀಲ್ಸಲ್ಲಿ ಹೆಸರು ಮಾಡಿರೋ ಒಬ್ಬರನ್ನ ಮುಖ್ಯ ಭಾಷಣಕ್ಕೆ ಕರೆದ್ವಿ, ಪ್ಯಾನೆಲ್ ಡಿಸ್ಕಷನ್ ಅಂದ್ವಿ, ಸ್ಪಾನ್ಸರ್ ಸ್ಟಾಲ್ ಅಂದ್ವಿ. ಅವರು ಒಪ್ಕೊಂಡು, ಪೋಸ್ಟರಲ್ಲಿ ಫೋಟೊ ಹಾಕಿ ಆದ್ಮೇಲೆ, ಕಾರ್ಯಕ್ರಮಕ್ಕೆ 12 ದಿನ ಇದೆ ಅನ್ನುವಾಗ ಬರೋಕಾಗಲ್ಲ ಅಂತ ಅವರ ಮ್ಯಾನೇಜರ್ ಕಡೆಯಿಂದ ಎರಡು ಸಾಲಿನ ಮೆಸೇಜ್ ಬಂತು. ಆ ರಾತ್ರಿ ನಾವು ನಾಲ್ಕೂ ಜನ ನಮ್ಮ ಪ್ರಿಂಟಿಂಗ್ ಅಂಗಡಿ ಸ್ನೇಹಿತನ ಶಟರ್ ಅರ್ಧ ಎಳೆದು ಒಳಗೆ ಕೂತಿದ್ವಿ, ಯಾರಿಗೂ ಮಾತೇ ಬರ್ತಿಲ್ಲ. ಆಗ ನಮ್ಮಲ್ಲಿ ಚಟ್ನಿಪುಡಿ ಮಾರೋ ಅಕ್ಕ ಒಬ್ರಿದಾರೆ, ಅವರು ರಿಜಿಸ್ಟ್ರೇಷನ್ ಫಾರ್ಮ್ ತೆಗೆದು ಓದೋಕೆ ಶುರು ಮಾಡಿದ್ರು. ಫಾರ್ಮಲ್ಲಿ ಕೊನೇ ಪ್ರಶ್ನೆ ಒಂದಿತ್ತು, "ಫೋನಲ್ಲಿ ವ್ಯಾಪಾರ ಮಾಡುವಾಗ ನಿಮಗೆ ಏನು ತೊಂದ್ರೆ ಆಗ್ತಿದೆ?" ಅಂತ. ಸುಮ್ನೆ ಹಾಕಿದ ಪ್ರಶ್ನೆ ಅದು. ಉತ್ತರ ಹೇಗಿದ್ವು ಅಂದ್ರೆ: "ಫೋಟೊ ಹಾಕಿದ್ರ ಲೈಕ್ ಬರ್ತಾವ, ಸೀರಿ ಹೋಗಂಗಿಲ್ಲ." "ನನ್ನ ಫೋಟೊ ಬ್ಯಾರೆಯವ್ರು ತಗೊಂಡು ಹಾಕ್ಯಾರ." "ದುಡ್ಡು ಹಾಕೀನಿ ಅಂತ ಸ್ಕ್ರೀನ್‌ಶಾಟ್ ಕಳಿಸಿದ್ರು, ದುಡ್ಡು ಬಂದಿಲ್ಲ, ರೊಟ್ಟಿ ಕಳಿಸಿಬಿಟ್ಟೀನಿ." "256 ಮಂದಿಗೆ ಬ್ರಾಡ್‌ಕಾಸ್ಟ್ ಮಾಡ್ತೀನ್ರೀ, ನಾಕ್ ಮಂದಿ ಸುದ್ದಾ ನೋಡಂಗಿಲ್ಲ." ಒಂದೊಂದು ಓದ್ತಾ ಹೋದ ಹಾಗೆ ಕಾರ್ಯಕ್ರಮ ತಾನಾಗೇ ಕಣ್ಮುಂದೆ ಬಂತು. ಪ್ಯಾನೆಲ್ ತೆಗೆದ್ವಿ, ಸ್ಟಾಲ್ ತೆಗೆದ್ವಿ, ಆ ಉತ್ತರಗಳನ್ನೇ ಗೋಡೆಗೆ ಅಂಟಿಸಿ ಒಂದೊಂದಕ್ಕೆ ಒಂದೊಂದು ಸೆಷನ್ ಮಾಡಿದ್ವಿ. ಮುಖ್ಯ ಭಾಷಣದ ಜಾಗಕ್ಕೆ ಇಳಕಲ್ ಕಡೆಯ ಒಬ್ಬ ನೇಕಾರರನ್ನ ಕೂರಿಸಿದ್ವಿ.

ಜನರನ್ನ ಸೇರಿಸಿದ ಕಥೆ ಸ್ವಲ್ಪ ವಿವರವಾಗಿ ಹೇಳ್ಬೇಕು, ಯಾಕಂದ್ರೆ ನಾವು ಕಲಿತಿದ್ದು ಅಲ್ಲೇ ಜಾಸ್ತಿ. ಇನ್‌ಸ್ಟಾಗ್ರಾಂ, ಫೇಸ್‌ಬುಕ್ಕಲ್ಲಿ ಪೋಸ್ಟ್ ಬೂಸ್ಟ್ ಮಾಡೋಕೆ, ಅಂದ್ರೆ ದುಡ್ಡು ಕೊಟ್ಟು ಜಾಸ್ತಿ ಜನಕ್ಕೆ ತೋರಿಸೋಕೆ, 4,000 ಖರ್ಚು ಮಾಡಿದ್ವಿ, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಬೇರೆ. ಸಾವಿರಾರು ಜನ ನೋಡಿದಾರೆ ಅಂತ ತೋರಿಸ್ತು, ಅದರಿಂದ ಹೆಸರು ಬರೆಸಿದ್ದು 11 ಜನ. ಚಟ್ನಿಪುಡಿ ಅಕ್ಕ ತಮ್ಮ ಫೋನಲ್ಲಿ 40 ಸೆಕೆಂಡಿನ ಒಂದು ವಾಯ್ಸ್ ಮಾಡಿ ಗ್ರೂಪುಗಳಿಗೆ ಬಿಟ್ರು, "ಅಕ್ಕಾರ, ಅಣ್ಣಾರ, ಫೋನ್‌ನ್ಯಾಗ ವ್ಯಾಪಾರ ಮಾಡಾಕ ಏನೇನ್ ತ್ರಾಸ್ ಐತಿ ಎಲ್ಲಾ ತಗೊಂಡ್ ಬರ್ರಿ, ಕೂಡಿ ನೋಡೂಣು, ಊಟ ಐತಿ, ಕನ್ನಡದಾಗ ಐತಿ" ಅಂತ. ಎರಡು ದಿನದಲ್ಲಿ ಎಪ್ಪತ್ತು ಜನಕ್ಕಿಂತ ಜಾಸ್ತಿ. ಆದ್ರೆ ಅವರಲ್ಲಿ ಅರ್ಧ ಜನ ಗೂಗಲ್ ಫಾರ್ಮ್ ತುಂಬ್ಲಿಲ್ಲ, ವಾಪಸ್ ವಾಯ್ಸಲ್ಲೇ ಹೆಸರು ಊರು ಹೇಳಿದ್ರು, ನಾವೇ ಕೇಳ್ಕೊಂಡು ಕೂತು ಫಾರ್ಮ್ ತುಂಬಿದ್ವಿ. ಮುಂದೆ ಯಾರೇ ಮಾಡಿದ್ರೂ ಈ ಕೆಲಸಕ್ಕೆ ಅಂತ ಒಬ್ಬರನ್ನ ಬಿಡಿ. ಫಾರ್ಮ್ ತುಂಬದವರು ಆಸಕ್ತಿ ಇಲ್ಲದವರು ಅಂತ ಅನ್ಕೋಬೇಡಿ, ಅವರೇ ಬೆಳಿಗ್ಗೆ ಎಂಟಕ್ಕೆ ಬಂದು ಬಾಗಿಲಲ್ಲಿ ನಿಂತಿದ್ರು.

ದಿನ ಹುಡುಕೋದೂ ಒಂದು ಕೆಲಸ. ಬ್ಯಾಡಗಿ ಕಡೆ ಮೆಣಸಿನಕಾಯಿ ಸೀಸನ್ ಇರುವಾಗ ಅಲ್ಲಿಂದ ಯಾರೂ ಬರಲ್ಲ, ಮದುವೆ ಸೀಸನ್ನಲ್ಲಿ ಸೀರೆಯವರು ಬರಲ್ಲ, ಶ್ರಾವಣದಲ್ಲಿ ಪೂಜೆ ಹಬ್ಬ ಅಂತ ಹೆಣ್ಣುಮಕ್ಕಳಿಗೆ ಮನೆ ಬಿಡೋಕಾಗಲ್ಲ, ಅಮಾವಾಸ್ಯೆ ಬೇಡವೇ ಬೇಡ. ಕ್ಯಾಲೆಂಡರ್ ಇಟ್ಕೊಂಡು ಒಂದೊಂದೇ ಕಾಟು ಹಾಕಿ ಉಳಿದ ಭಾನುವಾರ ಅದು. ಟೈಮಿಂಗ್ ಹತ್ತರಿಂದ ನಾಲ್ಕೂವರೆ, ಯಾಕಂದ್ರೆ ಇಳಕಲ್, ಗುಳೇದಗುಡ್ಡದವರು ಕತ್ತಲಾಗೋ ಮುಂಚೆ ಬಸ್ ಹಿಡೀಬೇಕು.

ಪೋಸ್ಟರ್, ಬ್ಯಾನರ್ ವಿಷ್ಯ ಬಂದ್ರೆ, ಕನ್ನಡದಲ್ಲಿ ಡಿಸೈನ್ ಮಾಡೋರಿಗೆಲ್ಲ ಗೊತ್ತಿರೋ ನೋವು ಇದು. ಒಬ್ಬರು ನಮಗೆ ಪ್ರೀತಿಯಿಂದ ಫ್ರೀಯಾಗಿ ಬ್ಯಾನರ್ ಡಿಸೈನ್ ಮಾಡಿಕೊಟ್ರು, ತುಂಬಾ ಚಂದ ಇತ್ತು, ಆದ್ರೆ ಸಾಫ್ಟ್‌ವೇರಲ್ಲಿ ಭಾರತೀಯ ಭಾಷೆಗಳ ಸೆಟ್ಟಿಂಗ್ ಆನ್ ಮಾಡಿರ್ಲಿಲ್ಲ, ಒತ್ತಕ್ಷರ ಎಲ್ಲ ಬಿಚ್ಕೊಂಡು ಪಕ್ಕಕ್ಕೆ ಬಂದಿದ್ವು. ನಮ್ಮ ಪ್ರಿಂಟಿಂಗ್ ಸ್ನೇಹಿತ ಕೂತು ಹಳೇ ನುಡಿ ಫಾಂಟಲ್ಲಿ ಮತ್ತೆ ಟೈಪ್ ಮಾಡಿದ, ಫ್ಲೆಕ್ಸ್ ಸರಿ ಬಂತು. ಅದೇ ಮ್ಯಾಟರ್ ಕಾಪಿ ಮಾಡಿ ಫೇಸ್‌ಬುಕ್ಕಿಗೆ ಹಾಕಿದ್ರೆ ಅಕ್ಷರ ಹೋಗಿ ಬರೀ ಗುರುತುಗಳು, ಯಾಕಂದ್ರೆ ಆ ಹಳೇ ಫಾಂಟ್ ಯುನಿಕೋಡ್, ಅಂದ್ರೆ ಎಲ್ಲಾ ಫೋನು ಕಂಪ್ಯೂಟರಲ್ಲೂ ಒಂದೇ ಥರ ಓದೋಕಾಗೋ ಅಕ್ಷರ ಪದ್ಧತಿ, ಅಲ್ಲ. ಇದರಿಂದಾನೇ ನಾವು ಬೆಳಗಿನ ಮೊದಲ ಅರ್ಧ ಗಂಟೆ ಯುನಿಕೋಡಿಗೆ ಇಟ್ಟಿದ್ದು. ಎಷ್ಟೋ ಅಂಗಡಿಯವರು ಡಿಟಿಪಿ ಸೆಂಟರಲ್ಲಿ ಮಾಡಿಸಿದ ಚಿತ್ರದೊಳಗೆ ಮಾತ್ರ ಕನ್ನಡ ಹಾಕಿರ್ತಾರೆ, ಕೆಳಗೆ ಕ್ಯಾಪ್ಷನ್ ಖಾಲಿ. ಆ ಕನ್ನಡ ಹುಡುಕಿದವರ ಕೈಗೆ ಸಿಗೋದು ಕಷ್ಟ. ಫೋನಿನ ಜಿಬೋರ್ಡಲ್ಲಿ, ಅಂದ್ರೆ ಗೂಗಲ್ ಕೀಬೋರ್ಡಲ್ಲಿ, ಮೈಕ್ ಒತ್ತಿ ಮಾತಾಡಿದ್ರೆ ಕನ್ನಡ ಟೈಪ್ ಆಗತ್ತೆ ಅಂತ ತೋರಿಸಿದಾಗ ಧಾರವಾಡ ಕಡೆಯ ಒಬ್ಬ ಕಾಕಾ, ಪೇಢಾ ಅಂಗಡಿಯವರು, ಅಲ್ಲೇ ಕೂತಲ್ಲೇ ಮೂರು ಕ್ಯಾಪ್ಷನ್ ಮಾತಾಡಿದ್ರು. "ಐತಿ", "ಬರಂಗಿಲ್ಲ" ಇವನ್ನ ಅದು ಸರಿಯಾಗಿ ಹಿಡೀಲಿಲ್ಲ, ಆ ಒಂದೆರಡು ಪದ ಕೈಯಿಂದ ತಿದ್ದಿದ್ರು. ನಮ್ಮ ಕಡೆ ಮಾತು ಬರಹದಲ್ಲಿ ಹೀಗೇ ಬರ್ತಾ ಹೋದ್ರೆ ಒಂದಿನ ಅದೂ ಕಲಿಯತ್ತೆ ಅಂತ ನನಗೆ ನಂಬಿಕೆ ಇದೆ.

ಆಮೇಲೆ ನೇಕಾರರ ಮಾತು. ಅವರು ಸ್ಟೇಜಿಗೆ ಬಂದಾಗ ಪಿಪಿಟಿ ಇಲ್ಲ ಏನಿಲ್ಲ, ಒಂದು ಸೀರೆ, ಒಂದು ಫೋನು. 2019ರ ಹೊತ್ತಿಗೆ ಟಿಕ್‌ಟಾಕಲ್ಲಿ ಮಗ್ಗದ ವಿಡಿಯೋ ಹಾಕ್ತಿದ್ರಂತೆ, ಚೆನ್ನಾಗಿ ಓಡ್ತಿತ್ತು, ಆರ್ಡರ್ ಬರ್ತಿದ್ವು. 2020ರ ಜೂನ್ 29ಕ್ಕೆ ಸರ್ಕಾರ 59 ಆ್ಯಪ್ ಬ್ಯಾನ್ ಮಾಡ್ತಲ್ಲ, ಅದರಲ್ಲಿ ಟಿಕ್‌ಟಾಕೂ ಹೋಯ್ತು, ಅದರ ಜೊತೆ ಇವರ ಎರಡು ವರ್ಷದ ವಿಡಿಯೋ, ಜನ, ಎಲ್ಲ. ಲಾಕ್‌ಡೌನ್ ಬೇರೆ, ಮಗ್ಗ ನಿಂತಿತ್ತು. "ಆದ್ರ ಒಂದ್ ಛಲೋ ಕೆಲಸ ಮಾಡಿದ್ನಿರೀ, ಪ್ರತಿ ಸೀರಿ ಡಬ್ಬಿ ಮ್ಯಾಲೆ ನನ್ನ ನಂಬರ್ ಚೀಟಿ ಅಂಟಿಸ್ತಿದ್ನಿ. ಆ ನಂಬರ್ ಇಟ್ಕೊಂಡು ಆರು ತಿಂಗಳಿಗೆ ಒಬ್ಬೊಬ್ರ ಫೋನ್ ಮಾಡಾಕ ಹತ್ತಿದ್ರು." ಇವತ್ತು ಅವರ ಹತ್ರ ಪುಸ್ತಕದಲ್ಲಿ ಬರೆದಿಟ್ಟ ಗಿರಾಕಿ ಪಟ್ಟಿ ಇದೆ, ಹೆಸರು, ಊರು, ಯಾವ ಬಣ್ಣ ತಗೊಂಡ್ರು, ಯಾರ ಮದುವೆಗೆ. ಆ ಪುಸ್ತಕ ಎತ್ತಿ ತೋರಿಸಿದಾಗ ಹಾಲಲ್ಲಿ ಎಲ್ಲರೂ ಎದ್ದು ನೋಡಿದ್ರು. 2021ರ ಅಕ್ಟೋಬರ್ 4ಕ್ಕೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸಾಪ್ ಮೂರೂ ಸುಮಾರು ಆರು ಗಂಟೆ ಬಂದ್ ಆಗಿದ್ದಾಗಲೂ ಆ ಪುಸ್ತಕ ಇಟ್ಕೊಂಡು ಗಿರಾಕಿಗಳಿಗೆ ಮಾಮೂಲಿ ಕಾಲ್ ಮಾಡ್ತಾ ಕೂತಿದ್ರಂತೆ.

ಅವರು ಹೇಳಿದ ಇನ್ನೊಂದು ವಿಷಯ ನನಗೆ ಇಷ್ಟು ವರ್ಷ ಈ ಕೆಲಸ ಮಾಡಿಯೂ ಹೊಳೆದಿರ್ಲಿಲ್ಲ. ಇಳಕಲ್ ಸೀರೆಗೆ ಮಹಾರಾಷ್ಟ್ರದಲ್ಲಿ ದೊಡ್ಡ ಗಿರಾಕಿ ಇದೆ, ಅಲ್ಲಿ ಅದಕ್ಕೆ ಇರಕಲ್ ಅಂತಾರೆ. ನಾವು ಕನ್ನಡದಲ್ಲೇ ಇಳಕಲ್, ಇಲಕಲ್, ಇಲ್ಕಲ್ ಅಂತ ಮೂರು ಥರ ಬರೀತೀವಿ, ಪುಣೆ ಕಡೆಯ ಹೆಣ್ಮಗಳು ಇರಕಲ್ ಅಂತ ಹುಡುಕಿದ್ರೆ ನಮ್ಮ ಪೋಸ್ಟ್ ಎಲ್ಲಿಂದ ಸಿಗಬೇಕು? ಅವರು ಕ್ಯಾಪ್ಷನ್ನಲ್ಲಿ ಕನ್ನಡದ ಕೆಳಗೆ ಎರಡು ಸಾಲು ಮರಾಠಿ ಹಾಕ್ತಾರೆ, ಹೆಂಡತಿ ತವರುಮನೆ ಸೊಲ್ಲಾಪುರ ಕಡೆ, ಅವರೇ ಬರೆದುಕೊಡ್ತಾರಂತೆ.

ಇದಾದ ತಕ್ಷಣ ರೇಟ್ ಜಗಳ. ಪೋಸ್ಟಲ್ಲಿ ಬೆಲೆ ಹಾಕ್ಬೇಕಾ, "ಇನ್‌ಬಾಕ್ಸಿಗೆ ಬನ್ನಿ" ಅನ್ಬೇಕಾ. ನಾನು ಇಷ್ಟು ದಿನ ಎಲ್ಲರಿಗೂ ಬೆಲೆ ಹಾಕಿ ಅಂತಾನೇ ಹೇಳ್ತಿದ್ದೆ, ಹೋಳಿಗೆ ಮಾಡೋ ಒಬ್ಬ ಅಕ್ಕನೂ ನನ್ನ ಕಡೆ ಇದ್ರು, "ದಿನಕ್ಕ ನೂರ್ ಮಂದಿ ರೇಟ್ ಎಷ್ಟ ಅಂತ ಕೇಳಿದ್ರ ನಾ ಹೋಳಿಗಿ ಯಾವಾಗ ಮಾಡ್ಲಿ?" ಅಂದ್ರು. ಆದ್ರೆ ಕೈಮಗ್ಗದವರ ಕಷ್ಟ ಬೇರೆ. ಪವರ್‌ಲೂಮ್ ಸೀರೆ ಪಕ್ಕದಲ್ಲಿ ಇವರ ಸೀರೆಯ ಬೆಲೆ ಬರೀ ಅಂಕಿಯಾಗಿ ಕಂಡ್ರೆ ಜನ ಮುಂದೆ ಸರಿದುಬಿಡ್ತಾರೆ. ಆಗ ನೇಕಾರರು ತಮ್ಮ ವಿಡಿಯೋ ಒಂದು ತೋರಿಸಿದ್ರು, ಒಡಲಿನ ಎಳೆ, ಸೆರಗಿನ ರೇಷ್ಮೆ ಎಳೆ, ಎರಡನ್ನೂ ಕೊಂಡಿ ಹಾಕಿ ಜೋಡಿಸೋದು, ಟೋಪ್ ತೆನಿ ಅಂತಾರಲ್ಲ, ಅದು. ಮಾತಿಲ್ಲ, ಮ್ಯೂಸಿಕ್ ಇಲ್ಲ, ಎಳೆ ಕೂಡಿಸೋ ಬೆರಳು ಅಷ್ಟೇ. ವಿಡಿಯೋ ಕೊನೇಲಿ ಬೆಲೆ. ಈ ಕೆಲಸ ನೋಡಿದ್ಮೇಲೆ ಬೆಲೆ ಕೇಳಿದವರು ಚೌಕಾಸಿ ಮಾಡೋದು ಕಮ್ಮಿ ಅಂತ ಅವರ ಅನುಭವ. ಅದನ್ನ ನೋಡಿ ನಾನು ನನ್ನ ಮಾತು ಬದಲಾಯಿಸ್ಕೊಂಡೆ, ಬೆಲೆ ಹಾಕಿ, ಆದ್ರೆ ಕೈಕೆಲಸ ಇದ್ರೆ ಮೊದಲು ಕೈ ತೋರಿಸಿ ಆಮೇಲೆ ಬೆಲೆ.

ಕಾನೂನಿನ ಸೆಷನ್ ಬೋರ್ ಆಗತ್ತೆ ಅಂತ ಭಯ ಇತ್ತು, ಅದಕ್ಕೇ ಊಟಕ್ಕೆ ಮುಂಚೆ ಇಟ್ಟಿದ್ವಿ. ಒಬ್ಬ ವಕೀಲರು, ಒಬ್ಬ ಸಿಎ, ಇಬ್ಬರೂ ದುಡ್ಡು ತಗೊಳ್ಳದೆ ಬಂದಿದ್ರು. ಊರಿನ ಫುಡ್ ಪೇಜ್ ನಡೆಸೋ ಹುಡುಗರು ಏಳೆಂಟು ಜನ ಇದ್ರು, ಹೋಟೆಲಿಂದ ದುಡ್ಡೋ ಊಟವೋ ತಗೊಂಡು ವಿಡಿಯೋ ಹಾಕಿದ್ರೆ ಅದು ಜಾಹೀರಾತು ಅಂತ ಹೇಳಲೇಬೇಕು ಅನ್ನೋದು ಅವರಲ್ಲಿ ಎಷ್ಟೋ ಜನಕ್ಕೆ ಗೊತ್ತೇ ಇರ್ಲಿಲ್ಲ. ಜಾಹೀರಾತು ಕ್ಷೇತ್ರದ ಆಸ್ಕಿ ಸಂಸ್ಥೆ 2021ರಲ್ಲೇ ಇದಕ್ಕೆ ನಿಯಮ ತಂದಿದೆ, 2023ರ ಜನವರಿಯಲ್ಲಿ ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆಯೂ ಮಾರ್ಗಸೂಚಿ ಕೊಟ್ಟಿದೆ, ವಿಡಿಯೋ ಯಾವ ಭಾಷೆಯಲ್ಲಿದೆಯೋ ಅದೇ ಭಾಷೆಯಲ್ಲಿ ತಿಳಿಸ್ಬೇಕು ಅಂತ. ಅಂದ್ರೆ ಕನ್ನಡ ವಿಡಿಯೋಗೆ ದೊಡ್ಡದಾಗಿ "ಜಾಹೀರಾತು" ಅಂತ ಬರೀರಿ, ಅಷ್ಟೇ. ಹ್ಯಾಷ್‌ಟ್ಯಾಗ್ ಗುಂಪಿನ ಕೊನೇಲಿ ಯಾರಿಗೂ ಕಾಣದ ಹಾಗೆ ತುರುಕಬೇಡಿ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ದಾರಿ ತಪ್ಪಿಸೋ ಜಾಹೀರಾತಿಗೆ 10 ಲಕ್ಷದವರೆಗೆ ದಂಡ, ಮತ್ತೆ ಮಾಡಿದ್ರೆ 50 ಲಕ್ಷದವರೆಗೆ ಅಂತ ವಕೀಲರು ಹೇಳಿದಾಗ ಹಿಂದಿನ ಸಾಲಲ್ಲಿದ್ದ ಹುಡುಗರೆಲ್ಲ ಮುಂದೆ ಬಂದು ಕೂತ್ಕೊಂಡ್ರು. ಅವರಲ್ಲಿ ಒಬ್ಬ ಆಮೇಲೆ ನನ್ನ ಹತ್ರ ಬಂದು "ಸುಮ್ನೆ ಹೊಗಳಿದ್ರ ನಮ್ಮ ಮಂದಿಗೆ ನಾವ ಮೋಸ ಮಾಡಿದಂಗ ಅಲ್ರೀ" ಅಂದ. ಇಪ್ಪತ್ತೆರಡು ವರ್ಷದ ಹುಡುಗ. ದಂಡದ ಭಯಕ್ಕಿಂತ ಆ ಮಾತು ನನಗೆ ಮುಖ್ಯ ಅನ್ನಿಸ್ತು.

ಸಿಎ ಅವರಿಗೆ ಬಂದ ಪ್ರಶ್ನೆ ಎಲ್ಲಾ ಒಂದೇ, ಯುಪಿಐ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ರಾಜ್ಯದ ಸಣ್ಣ ಅಂಗಡಿಗಳಿಗೆ ಜಿಎಸ್‌ಟಿ ನೋಟಿಸ್ ಬಂದಿದ್ವಲ್ಲ, ಆಗ ಎಷ್ಟೋ ಕಡೆ ಕ್ಯಾಶ್ ಮಾತ್ರ ಅಂತ ಬೋರ್ಡ್ ಹಾಕಿದ್ರು, ಆ ಹೆದರಿಕೆ ಇನ್ನೂ ಹೋಗಿಲ್ಲ. ಅವರು ನಿಧಾನಕ್ಕೆ ಬಿಡಿಸಿ ಹೇಳಿದ್ರು, ಸರಕು ಮಾರೋರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡೋರಿಗೆ 20 ಲಕ್ಷ ವಹಿವಾಟು ದಾಟಿದ್ರೆ ರಿಜಿಸ್ಟ್ರೇಷನ್, ಬೇರೆ ರಾಜ್ಯಕ್ಕೆ ಕಳಿಸೋರಿಗೆ ರೂಲ್ಸ್ ಬೇರೆ, ಅಂಥವರು ಊಟದ ನಂತರ ಬಂದು ಕೂತ್ಕೊಳ್ಳಿ ಅಂತ. ಮನೆ ಖಾತೆ, ವ್ಯಾಪಾರದ ಖಾತೆ ಎರಡನ್ನೂ ಬೇರೆ ಇಡಿ ಅನ್ನೋ ಒಂದು ಮಾತಿಗೆ ಅಷ್ಟೂ ಜನ ಪೆನ್ನು ತೆಗೆದ್ರು. ತಿನ್ನೋ ಪದಾರ್ಥ ಮಾರೋರಿಗೆ ಆಹಾರ ಸುರಕ್ಷತೆ ನೋಡ್ಕೊಳ್ಳೋ ಕೇಂದ್ರ ಸಂಸ್ಥೆಯ ಎಫ್‌ಎಸ್‌ಎಸ್‌ಎಐ ನಂಬರ್ ಬೇಕು, ವಾಟ್ಸಾಪಲ್ಲಿ ಮಾರಿದ್ರೂ ಬೇಕು, ಅದನ್ನೂ ಹೇಳಿದ್ರು.

ಊಟ ಜೋಳದ ರೊಟ್ಟಿ, ಎಣಗಾಯಿ, ಹೆಸರುಕಾಳು ಪಲ್ಯ, ಶೇಂಗಾ ಚಟ್ನಿ, ಮೊಸರು, ಅನ್ನ ಸಾರು. ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಗೇ ಆರ್ಡರ್ ಕೊಟ್ಟಿದ್ವಿ. ಯಾರೂ ಒಂದು ಮಾತು ದೂರು ಹೇಳ್ಲಿಲ್ಲ.

ಮಧ್ಯಾಹ್ನ ನಮ್ಮ ಪ್ಲ್ಯಾನ್ ಪೂರ್ತಿ ಫೋನ್ ಕೈಯಲ್ಲಿ ಹಿಡಿದು ಮಾಡೋ ಕೆಲಸ. ಹಾಲಿನವರು ವೈಫೈ ಇದೆ, ಇನ್ನೂರು ಜನಕ್ಕೆ ಸಾಕು ಅಂತ ಎರಡು ಸಲ ಹೇಳಿದ್ರು, ನಾವು ಒಂದು ಸಂಜೆ ಹೋಗಿ ನೋಡಿಯೂ ಬಂದಿದ್ವಿ, ಆದ್ರೆ ಆಗ ಇದ್ದಿದ್ದು ನಮ್ಮ ನಾಲ್ಕು ಫೋನು. ಅವತ್ತು ನೂರೈವತ್ತು ಫೋನ್ ಒಟ್ಟಿಗೆ ಸೇರಿದ ತಕ್ಷಣ ನಿಂತುಹೋಯ್ತು. ಹಾಲ್ ಅರ್ಧ ನೆಲಮಾಳಿಗೆ ಥರ ಇತ್ತು, ಮೊಬೈಲ್ ಸಿಗ್ನಲ್ಲೂ ಇಲ್ಲ. ಬಾಡಿಗೆಗೆ ತಂದಿದ್ದ ಎರಡು ರೂಟರ್ ಹಾಕಿದ್ವಿ, ಅವಕ್ಕೂ ಸಿಗ್ನಲ್ ಬೇಕಲ್ಲ. ಇಪ್ಪತ್ತು ನಿಮಿಷ ಒದ್ದಾಡಿದ್ವಿ. ಜನ ತಾಳ್ಮೆಯಿಂದ ಕೂತಿದ್ರು, ಆದ್ರೆ ದೂರದಿಂದ ಬಂದವರ ಒಂದೊಂದು ನಿಮಿಷ ಹೋಗ್ತಿದೆ ಅನ್ನೋ ಸಂಕಟ ನನಗೆ. ಕೊನೆಗೆ ನಮ್ಮ ಪ್ರಿಂಟಿಂಗ್ ಸ್ನೇಹಿತ ಹೊರಗೆ ಹೋಗಿ ಬಂದು "ಬೇವಿನ ಗಿಡದ ಕೆಳಗ ಫೋರ್‌ಜಿ ಛಲೋ ಬರಾಕತ್ತೈತಿ, ಕುರ್ಚಿ ತಗೊಂಡ್ ನಡೀರಿ" ಅಂದ. ಎಲ್ಲರೂ ತಮ್ಮ ತಮ್ಮ ಕುರ್ಚಿ ಎತ್ಕೊಂಡು ಹೊರಗೆ ಬಂದ್ರು. ಕಾಂಪೌಂಡಲ್ಲಿ ಎರಡು ದೊಡ್ಡ ಬೇವಿನ ಮರ, ಒಳ್ಳೆ ನೆರಳು. ಎಂಟೆಂಟು ಹತ್ತತ್ತು ಜನ ಗುಂಪಾಗಿ ಕೂತ್ರು, ಒಂದೊಂದು ಗುಂಪಿಗೆ ಫೋನ್ ಚೆನ್ನಾಗಿ ಗೊತ್ತಿರೋ ಒಬ್ಬ ಕಾಲೇಜು ಹುಡುಗನೋ ಹುಡುಗಿಯೋ. ಸ್ಟೇಜ್ ಇಲ್ಲ, ಮೈಕ್ ಇಲ್ಲ.

ಬೆಳಿಗ್ಗೆಯಿಂದ ಹಾಲಲ್ಲಿ ಒಂದು ಮಾತಾಡದ ಹೆಣ್ಣುಮಕ್ಕಳು ಅಲ್ಲಿ ಮಾತಾಡೋಕೆ ಶುರು ಮಾಡಿದ್ರು. ಇದನ್ನ ನಾನು ಒತ್ತಿ ಹೇಳ್ಬೇಕು. ಬೆಳಗಿನ ಸೆಷನ್ನಲ್ಲಿ ಮೈಕ್ ಹಿಡಿದು ಪ್ರಶ್ನೆ ಕೇಳಿದವರಲ್ಲಿ ಹೋಳಿಗೆ ಅಕ್ಕ ಒಬ್ಬರನ್ನ ಬಿಟ್ರೆ ಎಲ್ಲ ಗಂಡಸರು. ಬಂದವರಲ್ಲಿ ಅರ್ಧಕ್ಕರ್ಧ ಹೆಂಗಸರು. ಇದು ನಮ್ಮದೇ ತಪ್ಪು, ಮೊದಲೇ ಯೋಚಿಸ್ಬೇಕಿತ್ತು. ಮರದ ಕೆಳಗೆ ಒಬ್ಬ ಹೆಣ್ಮಗಳು ಕಸೂತಿ ಹಾಕಿದ ಬ್ಲೌಸ್ ಪೀಸ್ ಚೀಲದಿಂದ ತೆಗೆದ್ರು, ಫೋಟೊ ಹಾಕಿದ್ರೆ ಜನ ಇದು ಮಷಿನ್ ಎಂಬ್ರಾಯ್ಡರಿ ಅಂತಾರೆ, ಏನ್ ಮಾಡ್ಲಿ ಅಂತ ಕೇಳಿದ್ರು. ಪಕ್ಕದಲ್ಲಿ ಕೂತಿದ್ದ ಇನ್ನೊಬ್ಬ ವಯಸ್ಸಾದ ಅಮ್ಮ ಬಟ್ಟೆ ತಿರುಗಿಸಿ "ಹಿಂದಿಂದ ತೋರ್ಸವ್ವ" ಅಂದ್ರು. ಅಷ್ಟೇ ಮಾತು. ಕಸೂತಿಯಲ್ಲಿ ಎಳೆ ಎಣಿಸಿ ಹಾಕ್ತಾರೆ, ಗಂಟು ಹಾಕಲ್ಲ, ಗವಂತಿ, ಮುರ್ಗಿ ಹೊಲಿಗೆ ಹಿಂದೆ ಮುಂದೆ ಎರಡೂ ಕಡೆ ಒಂದೇ ಥರ ಕಾಣತ್ತೆ. ಮಷಿನ್ನಿಂದು ಹಿಂದೆ ತಿರುಗಿಸಿದ್ರೆ ಗೊತ್ತಾಗೇ ಗೊತ್ತಾಗತ್ತೆ. ಅಲ್ಲೇ ಹತ್ತು ಸೆಕೆಂಡಿನ ವಿಡಿಯೋ ಮಾಡಿದ್ವಿ, ಮುಂದೆ ತೋರಿಸಿ ಬಟ್ಟೆ ಮಗುಚೋದು, ಅಷ್ಟೇ. ಯಾವ ಏಜೆನ್ಸಿಗೂ ಹೊಳೀದೇ ಇರೋ ಐಡಿಯಾ ಅದು, ಆ ಅಮ್ಮನಿಗೆ ಹೊಳೆದಿದ್ದು ಯಾಕಂದ್ರೆ ಸಣ್ಣವಳಿದ್ದಾಗ ಅವರಜ್ಜಿ ಅವರ ಹೊಲಿಗೆಯನ್ನ ಹಾಗೇ ತಿರುಗಿಸಿ ನೋಡ್ತಿದ್ರಂತೆ.

ಬ್ರಾಡ್‌ಕಾಸ್ಟ್ ಸಮಸ್ಯೆ ಬಿಡಿಸೋಕೆ ಐದು ನಿಮಿಷ ಸಾಕಾಯ್ತು. ವಾಟ್ಸಾಪ್ ಬ್ರಾಡ್‌ಕಾಸ್ಟ್ ಲಿಸ್ಟಲ್ಲಿ 256 ಜನರನ್ನ ಹಾಕಬಹುದು, ಆದ್ರೆ ಅವರ ಫೋನಲ್ಲಿ ನಿಮ್ಮ ನಂಬರ್ ಸೇವ್ ಆಗಿದ್ರೆ ಮಾತ್ರ ಮೆಸೇಜ್ ಹೋಗತ್ತೆ. ಇದು ಎಷ್ಟೋ ವರ್ಷದಿಂದ ಕಳಿಸ್ತಿರೋರಿಗೂ ಗೊತ್ತಿರ್ಲಿಲ್ಲ. ಹಾಗಾಗಿ ಪ್ರತಿ ಪಾರ್ಸೆಲಲ್ಲಿ "ನಮ್ಮ ನಂಬರ್ ಸೇವ್ ಮಾಡ್ಕೊಳ್ಳಿ, ಹೊಸ ಮಾಲು ಬಂದಾಗ ತಿಳಿಸ್ತೀವಿ" ಅನ್ನೋ ಚೀಟಿ ಇಡಿ ಅಂತ ನೇಕಾರರೇ ಸುತ್ತಾಡಿ ಎಲ್ಲಾ ಗುಂಪಿಗೂ ಹೇಳಿದ್ರು. ಮಾಮೂಲಿ ವಾಟ್ಸಾಪಿಂದ ಬಿಸಿನೆಸ್ ವಾಟ್ಸಾಪಿಗೆ ಬದಲಾಯಿಸಿದ್ದು, ಕ್ಯಾಟಲಾಗಲ್ಲಿ ಐದೈದು ಐಟಂ ಹಾಕಿದ್ದು, ಪೇಮೆಂಟ್ ಬಾಕಿ ಅಂತ ಲೇಬಲ್ ಮಾಡಿದ್ದು, ಇವೆಲ್ಲ ಬೇಗ ಬೇಗ ಆಯ್ತು. ಎಲ್ಲರ ಫೋನಲ್ಲೂ ಟೂ ಸ್ಟೆಪ್ ವೆರಿಫಿಕೇಷನ್, ಅಂದ್ರೆ ಅಕೌಂಟಿಗೆ ಎರಡನೇ ಬೀಗ ಇದ್ದ ಹಾಗೆ, ಹಾಕಿಸಿದ್ವಿ. ಹಿಂದಿನ ವಾರ ತಾನೇ ಒಬ್ಬರ ಇನ್‌ಸ್ಟಾಗ್ರಾಂ ಪೇಜ್ ಹೋಗಿತ್ತು, ಕಾಪಿರೈಟ್ ತೊಂದ್ರೆ ಇದೆ, ಈ ಲಿಂಕ್ ಒತ್ತಿ ಅಂತ ಬಂದ ಮೆಸೇಜ್ ನಂಬಿ ಪಾಸ್‌ವರ್ಡ್ ಕೊಟ್ಟುಬಿಟ್ಟಿದ್ರು. ದುಡ್ಡು ಹೋದ್ರೆ ತಕ್ಷಣ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಅಂತ ಎಲ್ಲರ ಫೋನಲ್ಲೂ ಆ ನಂಬರ್ ಸೇವ್ ಮಾಡಿಸಿದ್ವಿ. ಸ್ಕ್ರೀನ್‌ಶಾಟ್ ನೋಡಿ ರೊಟ್ಟಿ ಕಳಿಸಿ ಮೋಸ ಹೋಗಿದ್ದ ಅಕ್ಕ ತಮ್ಮ ಕಥೆ ಎಲ್ಲಾ ಗುಂಪಿಗೂ ಹೋಗಿ ಹೇಳಿದ್ರು, ನಾಚಿಕೆ ಪಟ್ಕೊಳ್ಳದೆ, "ನನ್ನಂಗ ಇನ್ನೊಬ್ಬಾಕಿಗೆ ಆಗಬಾರ್ದು" ಅಂತ. ಅವರ ಬಗ್ಗೆ ನನಗೆ ಬಹಳ ಗೌರವ.

ಈಗ ದುಡ್ಡಿನ ಲೆಕ್ಕ, ಮುಚ್ಚಿಡೋದೇನಿಲ್ಲ. ಟಿಕೆಟ್ 300, ಸ್ವಸಹಾಯ ಸಂಘದವರಿಗೆ 100. 120 ಜನ ಪೂರ್ತಿ ಟಿಕೆಟ್, 44 ಜನ ನೂರರದ್ದು, ಒಟ್ಟು 40,400 ಬಂತು. ಸ್ಥಳೀಯ ಅಂಗಡಿಗಳು ಸೇರಿ 50,000 ಕೊಟ್ರು. ಖರ್ಚು 1,12,000: ಹಾಲ್ 28,000, ಊಟ 170 ಪ್ಲೇಟಿಗೆ 160ರ ಹಾಗೆ 27,200, ಸೌಂಡ್, ಪ್ರೊಜೆಕ್ಟರ್, ಜನರೇಟರ್ 19,000, ದೂರದಿಂದ ಬಂದ ಮಾತಾಡೋರ ಪ್ರಯಾಣ 14,000, ಪ್ರಿಂಟಿಂಗ್ 8,500, ಉಳಿದಿದ್ದು ಬೂಸ್ಟು, ರೂಟರು, ಟೀ, ಚಿಲ್ಲರೆ ಎಲ್ಲ ಸೇರಿ. 21,600 ಕಮ್ಮಿ ಬಿತ್ತು, ನಾಲ್ಕೂ ಜನ 5,400 ಹಾಕ್ಕೊಂಡ್ವಿ. ಒಂದು ಕಂಪನಿ 25,000 ಕೊಡ್ತೀವಿ ಅಂತ ಹೇಳಿ, ಲೋಗೋ ಹಾಕಿಸ್ಕೊಂಡು, ಕೊನೆಗೆ ಫೋನೇ ಎತ್ತಲಿಲ್ಲ, ಅದು ಬಂದಿದ್ರೆ ಸರಿ ಹೋಗ್ತಿತ್ತು. ದುಡ್ಡು ಖಾತೆಗೆ ಬೀಳೋವರೆಗೂ ಯಾರ ಲೋಗೋನೂ ಹಾಕಬೇಡಿ. ಸಿನಿಮಾ ಹಾಲ್ ಥರದ ಏಸಿ ಹಾಲ್ ತಗೊಳ್ಳದೆ ಒಂದು ಕಲ್ಯಾಣ ಮಂಟಪದ ಅಂಗಳ ತಗೊಂಡಿದ್ರೆ 10,000 ಉಳೀತಿತ್ತು, ಸಿಗ್ನಲ್ಲೂ ಇರ್ತಿತ್ತು ಅಂತ ಈಗ ಅನ್ನಿಸ್ತಿದೆ. ಚಿಕ್ಕ ಮಕ್ಕಳನ್ನ ಕರ್ಕೊಂಡು ಬಂದ ತಾಯಂದಿರಿಗೆ ಒಂದು ರೂಮೂ ಇರ್ಲಿಲ್ಲ, ಇದೂ ನಮ್ಮ ತಪ್ಪು, ಮುಂದಿನ ಸಲ ಮೊದಲು ಅದನ್ನ ನೋಡ್ತೀವಿ.

ಸಮಾವೇಶ ಆದ್ಮೇಲೆ ಒಂದು ವಾಟ್ಸಾಪ್ ಗ್ರೂಪ್ ಮಾಡಿದೀವಿ, ಗುಡ್ ಮಾರ್ನಿಂಗ್ ಇಲ್ಲ, ಫಾರ್ವರ್ಡ್ ಇಲ್ಲ, ಬರೀ ಕೆಲಸದ ಮಾತು. ಕಸೂತಿ ಹೆಣ್ಮಗಳು ಆ ಮಗುಚೋ ವಿಡಿಯೋ ಹಾಕಿದ ನಾಲ್ಕನೇ ದಿನಕ್ಕೆ ಅಮೆರಿಕದಲ್ಲಿರೋ ಧಾರವಾಡದ ಒಬ್ಬರು ಆರು ಬ್ಲೌಸ್ ಪೀಸ್ ಕೇಳಿದ್ರು ಅಂತ ಗ್ರೂಪಲ್ಲಿ ವಾಯ್ಸ್ ಹಾಕಿದ್ರು. ಕೊರಿಯರ್ ಹೇಗೆ ಕಳಿಸ್ಬೇಕು ಅಂತ ಕೇಳಿದ್ದಕ್ಕೆ ಹತ್ತು ನಿಮಿಷದಲ್ಲಿ ಮೂರು ಜನ ಉತ್ತರ ಕೊಟ್ರು, ನಾನು ಫೋನ್ ನೋಡೋ ಹೊತ್ತಿಗೆ ಮಾತು ಮುಗಿದೇ ಹೋಗಿತ್ತು.

ಮುಂದಿನದು ಬಾಗಲಕೋಟೆಲಿ ಮಾಡಿ ಅಂತ ನೇಕಾರರು ಕೇಳಿದಾರೆ. ಬರೋ ಶನಿವಾರ ಜಾಗ ನೋಡೋಕೆ ಹೊರಟಿದೀವಿ, ಮೂರು ಕಂಪನಿ ಸಿಮ್ ಹಾಕಿರೋ ಮೂರು ಫೋನ್ ಇಟ್ಕೊಂಡು. ಆ ಕಡೆ ದೊಡ್ಡ ಅಂಗಳ, ಒಳ್ಳೆ ನೆರಳಿರೋ ಜಾಗ ಗೊತ್ತಿದ್ರೆ ಹೇಳಿ.